ಗೂಡು ನಮ್ಮದು, ನೂಲು ಅವರದು, ಚೀಟಿ ಇಬ್ಬರದೂ

2011ರ ಜೂನ್ ತಿಂಗಳು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ 68 ಕಿಲೋ ರೇಷ್ಮೆ ಗೂಡು ಹಾಕಿಕೊಂಡು ಹೋಗಿದ್ದೆ. ಅದೇ ವರ್ಷ ಸಂಕ್ರಾಂತಿ ಹೊತ್ತಿನಲ್ಲಿ ಇದೇ ಹುಳು ಮನೆಯ ಗೂಡು ಕಿಲೋಗೆ 300 ರೂಪಾಯಿ ದಾಟಿತ್ತು. ಆ ದಿನ ಹರಾಜು 120ಕ್ಕೆ ನಿಂತುಬಿಟ್ಟಿತು. ಮೇಲಕ್ಕೆ ಕೂಗುವವರೇ ಇಲ್ಲ. ಪಕ್ಕದ ಜಾಲರಿಯ ರೈತರು "ಎಂತಕು ಪೋಯಿಂದಿ?" ಎಂದು ಕೇಳಿದರು. ಎಷ್ಟಕ್ಕೆ ಹೋಯಿತು ಎಂದು. ನಮ್ಮ ಕಡೆ ಮನೆಮಾತು ಬಹಳ ಜನಕ್ಕೆ ತೆಲುಗು, ರೀಲರುಗಳದು ಉರ್ದು, ಮಾರುಕಟ್ಟೆ ಚೀಟಿ ಕನ್ನಡ. ಮೂರರಲ್ಲಿ ಯಾವುದರಲ್ಲಿ ಹೇಳಿದರೂ 120 ಅಂದರೆ 120ಯೇ. ಮೊಟ್ಟೆ, ಸೊಪ್ಪು, ಆಳು ಎಲ್ಲ ಕಳೆದರೆ ಆ ಬೆಳೆಯಲ್ಲಿ ನನಗೆ ಕೈಯಿಂದಲೇ ಹೋಗಿತ್ತು.

ಗೂಡು ತೆಗೆದುಕೊಂಡ ರೀಲರ್ ಭಾಯಿ ಮೇಲೆ ನಾಲ್ಕು ಮಾತು ಹೆಚ್ಚಾಗಿಯೇ ಆಡಿದೆ. ಅವರು ಸಿಟ್ಟಾಗಲಿಲ್ಲ. "ಅಣ್ಣಾ, ನಾನು ತಿಂದೆ ಅಂತ ತಾನೇ ನಿಮ್ಮ ಲೆಕ್ಕ? ಒಂದ್ಸಲ ನಮ್ಮ ಫಿಲೇಚರಿಗೆ ಬಂದು ನೋಡಿ. ಆಮೇಲೆ ಬೈಯಿರಿ" ಅಂದರು.

ಹೋದೆ. ನಾಚಿಕೆಯ ಮಾತು ಹೇಳುತ್ತೇನೆ: ಇಪ್ಪತ್ತೈದು ವರ್ಷದಿಂದ ಹುಳು ಮೇಯಿಸುತ್ತಿದ್ದೇನೆ, ನನ್ನ ಹೊಲದಿಂದ ಹತ್ತು ಕಿಲೋಮೀಟರೂ ಇಲ್ಲದ ಊರಿನಲ್ಲಿ ನನ್ನ ಗೂಡು ಹೇಗೆ ನೂಲಾಗುತ್ತದೆ ಎಂದು ಅಲ್ಲಿಯವರೆಗೆ ಒಳಗೆ ಹೋಗಿ ನೋಡಿರಲಿಲ್ಲ. ದುಡ್ಡು ಎಣಿಸಿಕೊಂಡು ಬಸ್ಸು ಹತ್ತುವುದಷ್ಟೇ ಗೊತ್ತಿತ್ತು. ಅಡಿಕೆ, ತೆಂಗು, ಹಾಲು ಬೆಳೆಸುವ ಓದುಗರಲ್ಲೂ ಎಷ್ಟು ಮಂದಿ ತಮ್ಮ ಮಾಲು ಮಾರಿದ ಮೇಲೆ ಅದರ ಹಿಂದೆ ಹೋಗಿ ನೋಡಿದ್ದೀರೋ ಗೊತ್ತಿಲ್ಲ.

ಆ ಫಿಲೇಚರಿನಲ್ಲಿ ಆರು ಬೇಸಿನ್. ನಾಲ್ಕು ಆರಿದ್ದವು. ಗೋಡೆ ಮೇಲೆ ಹಬೆಯ ಕರೆ, ಮೂಲೆಯಲ್ಲಿ ಕಟ್ಟಿಗೆ ರಾಶಿ, ಪ್ಯೂಪಾದ ವಾಸನೆ. ಎರಡು ಬೇಸಿನ್ ಮುಂದೆ ಇಬ್ಬರು ಹೆಂಗಸರು. ಒಬ್ಬರು ನಮ್ಮ ಊರಿನವರೇ. "ಏನಣ್ಣಾ, ನೀವೂ ಇಲ್ಲಿಗೆ ಬಂದ್ರಾ?" ಅಂದರು. ನಮ್ಮ ಊರಿಂದ ಫಿಲೇಚರು ಕೆಲಸಕ್ಕೆ ಹೋಗುತ್ತಿದ್ದ ಹದಿನಾಲ್ಕು ಹೆಂಗಸರಲ್ಲಿ ಒಂಬತ್ತು ಮಂದಿ ಅಷ್ಟರಲ್ಲಾಗಲೇ ಬೆಳಗಿನ ಜಾವ ಬರುವ ಗಾರ್ಮೆಂಟ್ಸ್ ವ್ಯಾನು ಹತ್ತಿ ದೊಡ್ಡಬಳ್ಳಾಪುರದ ಕಡೆ ಹೋಗತೊಡಗಿದ್ದರು. ಐದೂವರೆಗೆ ಹೊರಟರೆ ಮನೆ ಸೇರುವುದು ರಾತ್ರಿ.

ಬೀಗ ಕಾಣದ ಕಾರ್ಖಾನೆ

ನಮ್ಮ ಸೀಮೆಯಲ್ಲಿ ಕಾರ್ಖಾನೆ ಮುಚ್ಚುವುದು ಹೊಸದಲ್ಲ. ಗೌರಿಬಿದನೂರಿನ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಯಿತು. ಉತ್ತರ ಪಿನಾಕಿನಿ ಬತ್ತಿದ ಸೀಮೆಯಲ್ಲಿ ಕಬ್ಬಿಗೆ ನೀರು ಎಲ್ಲಿಂದ ಬರಬೇಕು? ಹಳೆಯ ಕೋಲಾರ ಜಿಲ್ಲೆಯ ಆ ತುದಿಯಲ್ಲಿ ಚಿನ್ನದ ಗಣಿ 2001ರ ಫೆಬ್ರವರಿ ಕೊನೆಗೆ ನಿಂತಿತು. ಆಗ ನಾವೂ ಕೋಲಾರ ಜಿಲ್ಲೆಯವರೇ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಗಣಿ ಮುಚ್ಚಿದಾಗ ಪತ್ರಿಕೆಗಳಲ್ಲಿ ಬಂತು, ದೆಹಲಿವರೆಗೆ ಮಾತಾಯಿತು. ಅಂಥ ಕಡೆ ಒಂದು ಗೇಟು, ಒಂದು ಬೀಗ. ಬೀಗ ಹಾಕಿದರೆ ಎಲ್ಲರಿಗೂ ಕಾಣುತ್ತದೆ.

ಶಿಡ್ಲಘಟ್ಟ ಹಾಗಲ್ಲ. ಇಲ್ಲಿ ಕಾರ್ಖಾನೆ ಎಂದರೆ ಬೀದಿ ಬೀದಿಯ ಹಿತ್ತಿಲು. ಮುಂದೆ ಮನೆ, ಹಿಂದೆ ಶೀಟಿನ ಮಾಡು, ಅದರಡಿ ನಾಲ್ಕೋ ಎಂಟೋ ಬೇಸಿನ್. ಚಿಂತಾಮಣಿಯಲ್ಲೂ ಹೀಗೇ ಇದ್ದವು. ಒಂದೊಂದಾಗಿ ಆರುತ್ತವೆ. ಯಾವ ಪೇಪರಿನಲ್ಲೂ ಬರುವುದಿಲ್ಲ. ಬಾಡಿಗೆ ಕಟ್ಟಲಾಗದೆ ಒಬ್ಬರು ಬೇಸಿನ್ ಗುಜರಿಗೆ ಹಾಕುತ್ತಾರೆ, ಇನ್ನೊಬ್ಬರ ಮಗ ಬೆಂಗಳೂರಿಗೆ ಕ್ಯಾಬ್ ಓಡಿಸಲು ಹೋಗುತ್ತಾನೆ. ಎಣಿಸುವವರೇ ಇಲ್ಲ. ಅದರಲ್ಲೇ ಒಂದು ಅನುಕೂಲವೂ ಇದೆ ಎಂದು ನನಗೆ ಆಮೇಲೆ ಗೊತ್ತಾಯಿತು. ಒಂದೊಂದಾಗಿ ಆರಿದ್ದನ್ನು ಒಂದೊಂದಾಗಿ ಹಚ್ಚಲೂ ಬರುತ್ತದೆ. ಸಕ್ಕರೆ ಕಾರ್ಖಾನೆಯನ್ನು ಅರ್ಧ ತೆರೆಯಲಾಗುವುದಿಲ್ಲ.

ಮೈಸೂರು ಸೀಮೆಗೆ ರೇಷ್ಮೆ ಬಂದದ್ದು ಟಿಪ್ಪುವಿನ ಕಾಲದಲ್ಲಿ ಎನ್ನುತ್ತಾರೆ, ಅದು ದೊಡ್ಡ ಕಥೆ, ಇಲ್ಲಿ ಬೇಡ. ನನ್ನ ಕಣ್ಣಲ್ಲಿ ಕಂಡದ್ದು ಚರಕದ ಕಾಲ. ಒಲೆ ಮೇಲೆ ಒಂದು ಬಾಣಲೆ, ಅದರ ಮುಂದೆ ಒಬ್ಬರು ಕೂತು ಎಳೆ ಹಿಡಿಯುತ್ತಾರೆ, ಇನ್ನೊಬ್ಬರು ಚಕ್ರ ತಿರುಗಿಸುತ್ತಾರೆ. ತಿರುಗಿಸಲು ಹುಡುಗರು. ನನ್ನ ಜೊತೆ ಓದುತ್ತಿದ್ದ ಒಬ್ಬ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಹೋದದ್ದು ಇದೇ ಚಕ್ರಕ್ಕೆ. ಮನೆಯವರು ಮುಂಗಡ ತೆಗೆದುಕೊಂಡಿದ್ದರು. ಆದ್ದರಿಂದ "ಹಳೆಯ ಉದ್ಯಮ ಮತ್ತೆ ಬರಬೇಕು" ಎಂದು ಭಾಷಣದಲ್ಲಿ ಕೇಳಿದಾಗ ನಾನು ಪೂರ್ತಿ ಚಪ್ಪಾಳೆ ಹೊಡೆಯುವುದಿಲ್ಲ. ಅದರಲ್ಲಿ ಕೆಲವು ಭಾಗ ಹೋದದ್ದೇ ಒಳ್ಳೆಯದಾಯಿತು.

ಚೀನಾ ನೂಲು

2011ರಲ್ಲಿ ಬೆಲೆ ಬಿದ್ದದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು. ಅದಕ್ಕೆ ಮೊದಲೂ ಚೀನಾ ನೂಲು ಬರುತ್ತಿತ್ತು. ತೀರ ಅಗ್ಗವಾಗಿ ಸುರಿಯುತ್ತಿದ್ದಾರೆಂದು 2003ರಲ್ಲಿ ಅದರ ಮೇಲೆ ಬೇರೆ ಸುಂಕವನ್ನೂ ಹಾಕಿದ್ದರು. ರೈತರು ರಸ್ತೆಗಿಳಿದರು, ನಾನೂ ಇಳಿದೆ. 2013ರ ಬಜೆಟ್ಟಿನಲ್ಲಿ ಶೇ. 15ಕ್ಕೆ ಏರಿಸಿದರು. ಅಷ್ಟಕ್ಕೆ ಸ್ವಲ್ಪ ಉಸಿರಾಡಿದೆವು.

ಆದರೆ ಸುಂಕದ ಮಾತಿನಲ್ಲಿ ನಾವು ಹೇಳದೆ ಬಿಡುವ ಸಂಗತಿ ಒಂದಿದೆ. ನೇಕಾರರು ಚೀನಾ ನೂಲು ಕೇಳುತ್ತಿದ್ದದ್ದು ಅಗ್ಗ ಎಂದು ಮಾತ್ರ ಅಲ್ಲ. ಸೀರೆಗೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಹಾಸಿನ ನೂಲು ಮಗ್ಗದಲ್ಲಿ ಇಡೀ ದಿನ ಎಳೆತ ತಿನ್ನುತ್ತದೆ. ದಪ್ಪ ಸಣ್ಣ ಇದ್ದರೆ ಪಟ್ಟೆಂದು ಹರಿಯುತ್ತದೆ. ಪವರ್ ಲೂಮಿನಲ್ಲಿ ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಚೀನಾ ನೂಲು ಒಂದೇ ಸಮ. ಚರಕದ ನೂಲು ಹೊಕ್ಕಿಗೆ ಸರಿ, ಹಾಸಿಗೆ ಆಗದು. ದೊಡ್ಡಬಳ್ಳಾಪುರದ ನೇಕಾರರನ್ನು ಕೇಳಿ, ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಅಂದರೆ ನಮ್ಮ ನೂಲಿನ ಗುಣವೇ ಚೀನಾಕ್ಕೆ ಬಾಗಿಲು ತೆರೆದಿತ್ತು. ಆ ಗುಣ ಕೆಡುವುದು ಎಲ್ಲಿ? ಫಿಲೇಚರಿನಲ್ಲಿ ಎಂದು ನಾವು ಹೇಳುತ್ತಿದ್ದೆವು. ರೈತರ ಮನೆಯಲ್ಲಿ ಎಂದು ರೀಲರುಗಳು.

ರೆಂಡಿಟ್ಟಾ ಅಂದರೇನು?

ಆ ದಿನ ಭಾಯಿ ತೋರಿಸಿದ್ದು ಇದನ್ನೇ. ಒಂದು ಗೂಡಿನಲ್ಲಿರುವುದು ಒಂದೇ ಉದ್ದನೆಯ ಎಳೆ. ನಮ್ಮ ಹಳದಿ ಮಿಶ್ರತಳಿ ಗೂಡಿನಲ್ಲಿ ಆರೇಳು ನೂರು ಮೀಟರಿಗೆ ಮೇಲೆ, ಬಿಳಿ ಬೈವೋಲ್ಟಿನ್ ಗೂಡಿನಲ್ಲಿ ಸಾವಿರ ಮೀಟರಿನ ಸುತ್ತ. ಕೂದಲಿಗಿಂತ ಸಣ್ಣ. ಒಂದೇ ಎಳೆಯಿಂದ ಏನೂ ನೇಯಲಾಗದು. ಗೂಡು ಬೇಯಿಸಿ, ತುದಿ ಹುಡುಕಿ, ಏಳೆಂಟು ಗೂಡಿನ ಎಳೆಗಳನ್ನು ಒಟ್ಟಿಗೆ ಹಿಡಿದು ಎಳೆದರೆ ಒಂದು ನೂಲು. ನಡುವೆ ಒಂದು ಗೂಡು ಮುಗಿದರೆ ಅಥವಾ ಎಳೆ ಹರಿದರೆ ಆ ಕ್ಷಣವೇ ಬೇರೆ ಗೂಡಿನ ತುದಿ ಸೇರಿಸಬೇಕು. ತಡವಾದರೆ ಏಳೆಳೆಯ ಜಾಗದಲ್ಲಿ ಐದೆಳೆ. ಅದೇ ನೂಲಿನ ಸಣ್ಣ ಜಾಗ. ಮಗ್ಗದಲ್ಲಿ ಹರಿಯುವುದು ಅಲ್ಲೇ.

ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬುದೇ ರೆಂಡಿಟ್ಟಾ. ಎಂಟು ಕಿಲೋ ಬೇಕಾದರೆ ರೆಂಡಿಟ್ಟಾ 8. ಕಡಿಮೆ ಇದ್ದಷ್ಟೂ ಒಳ್ಳೆಯದು. ಲೆಕ್ಕ ನೋಡಿ. ಗೂಡು ಕಿಲೋಗೆ 500 ರೂ. ಎಂದಿಟ್ಟುಕೊಳ್ಳಿ, ಸುಲಭಕ್ಕೆ. ರೆಂಡಿಟ್ಟಾ 8 ಆದರೆ ಒಂದು ಕಿಲೋ ನೂಲಿನಲ್ಲಿ ಗೂಡಿನ ಖರ್ಚೇ 4,000. ಏಳಾದರೆ 3,500. ಆರೂವರೆ ಆದರೆ 3,250. ಕಟ್ಟಿಗೆ, ಕೂಲಿ, ನೀರು, ಬಡ್ಡಿ ಇದರ ಮೇಲೆ. ಪ್ಯೂಪಾ ಮತ್ತು ಹರಿದ ನೂಲಿನ ಕಸ ಮಾರಿ ಒಂದಿಷ್ಟು ವಾಪಸು ಬರುತ್ತದೆ. ರೀಲರಿಗೆ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಎಂಟು ಮತ್ತು ಏಳರ ನಡುವಿನ ಆ ಒಂದರಲ್ಲಿ.

ಹರಾಜಿನಲ್ಲಿ ರೀಲರ್ ಗೂಡನ್ನು ಕೈಯಲ್ಲಿ ಹಿಡಿದು ಒತ್ತಿ, ಅಲ್ಲಾಡಿಸಿ ಕೂಗುತ್ತಾರೆ. ಒಳಗಿನ ರೆಂಡಿಟ್ಟಾ ಅವರಿಗೂ ಕಾಣುವುದಿಲ್ಲ. ಕಾಣದ್ದಕ್ಕೆ ಹೆದರಿ ಎಲ್ಲರ ಗೂಡಿಗೂ ಎಂಟೂವರೆ ಎಂದು ಹಿಡಿದು ಬೆಲೆ ಹೇಳುತ್ತಾರೆ. ಒಳ್ಳೆಯ ಗೂಡಿನವರೂ ಕೆಟ್ಟ ಗೂಡಿನವರ ದಂಡ ಕಟ್ಟುತ್ತಾರೆ. ನಾನು ಭಾಯಿಯ ಮೇಲೆ ಕೂಗಾಡಿದ ದಿನ ನನ್ನ ಗೂಡಿಗೇ ಎಷ್ಟು ಬಂದಿತ್ತು ಗೊತ್ತೆ? ಎಂಟು ದಶಾಂಶ ಒಂಬತ್ತು. ಅವರು ಮರುದಿನ ತೂಗಿ ಹೇಳಿದಾಗ ನಂಬಲಿಲ್ಲ. ಮುಂದಿನ ಬೆಳೆಯಲ್ಲಿ ನಾನೇ ತಕ್ಕಡಿ ಪಕ್ಕ ನಿಂತೆ. ಎಂಟು ದಶಾಂಶ ಆರು.

ತಪ್ಪು ನಮ್ಮ ಮನೆಯಲ್ಲಿ

ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. (ಚಂದ್ರಿಕೆ ಎಂದರೆ ಪುಸ್ತಕದ ಮಾತು, ನಮ್ಮ ಬಾಯಲ್ಲಿ ಚಂದ್ರಂಕಿ.) ಇಪ್ಪತ್ತೈದು ದಿನ, ನಾಲ್ಕು ಜ್ವರ ದಾಟಿಸಿ, ಕೊನೆಯ ಹಂತದಲ್ಲಿ ಹಗಲು ರಾತ್ರಿ ಸೊಪ್ಪು ಹೊತ್ತು ಸಾಕಾಗಿರುತ್ತದೆ. ಕೆಡುವುದೇ ಅಲ್ಲಿಂದ ಮುಂದೆ.

ಮಳೆಗಾಲದಲ್ಲಿ ಚಂದ್ರಂಕಿಯನ್ನು ಗಾಳಿಯಾಡದ ಕೋಣೆಯಲ್ಲಿ ಒಟ್ಟಿದರೆ ಹುಳು ಹಾಕಿದ ಉಚ್ಚೆಯ ತೇವ ಗೂಡಿಗೇ ಅಂಟುತ್ತದೆ. ಎಳೆಯ ಅಂಟು ಗಟ್ಟಿಯಾಗಿ ಬೇಯಿಸಿದರೂ ಬಿಡುವುದಿಲ್ಲ, ಎಳೆದಲ್ಲೆಲ್ಲ ಹರಿಯುತ್ತದೆ. ಹುಳು ಹೆಚ್ಚು ಕಿಕ್ಕಿರಿದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಆ ಜೋಡಿಗೂಡು ತೂಕಕ್ಕೆ ಭಾರ, ಎರಡು ಎಳೆ ಒಂದಕ್ಕೊಂದು ಸಿಕ್ಕಿಕೊಂಡು ನೂಲಿಗೆ ಬರುವುದಿಲ್ಲ. ನಾವು ಅದನ್ನು ಆರಿಸದೆ ತೂಕಕ್ಕೆ ಸೇರಿಸಿ ಹಾಕುತ್ತಿದ್ದೆವು. ಜಾಣತನ!

ಎಲ್ಲಕ್ಕಿಂತ ದೊಡ್ಡ ತಪ್ಪು, ಬೇಗ ಬಿಡಿಸುವುದು. ಮಿಶ್ರತಳಿ ಗೂಡನ್ನು ಐದನೇ ದಿನ, ಬೈವೋಲ್ಟಿನ್ ಆದರೆ ಏಳು, ಎಂಟನೇ ದಿನ ಬಿಡಿಸಬೇಕು. ಅಷ್ಟರಲ್ಲಿ ಒಳಗಿನ ಹುಳು ಪ್ಯೂಪಾ ಆಗಿ ಗಟ್ಟಿಯಾಗಿರುತ್ತದೆ. ನಾವು "ಇವತ್ತು ರೇಟು ಚೆನ್ನಾಗಿದೆಯಂತೆ" ಎಂದು ಯಾರೋ ಫೋನು ಮಾಡಿದರೆ ನಾಲ್ಕನೇ ದಿನವೇ ಬಿಡಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಸ್ಸಿನ ಮೇಲೆ ಹಾಕುತ್ತಿದ್ದೆವು. ಒಳಗಿನ ಮೃದು ಹುಳು ಒಡೆದು ಗೂಡಿನ ಒಳಗೋಡೆಗೆ ಕಲೆ. ಒಂದು ಚೀಲದಲ್ಲಿ ಹತ್ತು ಗೂಡು ಹೀಗಾದರೆ ಬಾಣಲೆಯ ನೀರೆಲ್ಲ ಬಣ್ಣ ತಿರುಗುತ್ತದೆ.

ತಡ ಮಾಡುವಂತೆಯೂ ಇಲ್ಲ. ಅಡಿಕೆಯನ್ನು ಅಟ್ಟದಲ್ಲಿ ಇಟ್ಟು ಬೆಲೆಗೆ ಕಾಯಬಹುದು. ಗೂಡನ್ನು ಕಾಯಿಸಿದರೆ ಕೆಲವೇ ದಿನದಲ್ಲಿ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ. ಎಳೆಯೆಲ್ಲ ತುಂಡು. ಆದ್ದರಿಂದಲೇ 120 ಎಂದರೂ ಆ ದಿನ ನಾನು ಚೀಲ ವಾಪಸು ಹೊತ್ತುಕೊಂಡು ಬರಲಿಲ್ಲ.

ಹನ್ನೊಂದು ಜನ

2012ರ ಯುಗಾದಿ ಕಳೆದ ಮೇಲೆ ನಮ್ಮ ಊರು, ಪಕ್ಕದ ಊರು ಸೇರಿ ಎಂಟು ರೈತರು, ಶಿಡ್ಲಘಟ್ಟದ ಮೂವರು ರೀಲರುಗಳು ಭಾಯಿಯ ಅಂಗಳದಲ್ಲಿ ಕೂತೆವು. ಸಂಘ ಅಲ್ಲ, ನೋಂದಣಿ ಇಲ್ಲ, ಬೋರ್ಡು ಇಲ್ಲ. ಬೋರ್ಡು ಬಂದರೆ ಅಧ್ಯಕ್ಷರು ಬೇಕು, ಅಧ್ಯಕ್ಷರು ಬಂದರೆ ಜಗಳ. ಒಪ್ಪಿದ ಮಾತುಗಳು ಹೆಚ್ಚೇನಿಲ್ಲ. ಎಂಟೂ ಜನ ಒಂದೇ ಚಾಕಿ ಕೇಂದ್ರದಿಂದ, ಒಂದೇ ದಿನದ ಹುಳು ತರುವುದು. ಜೋಡಿಗೂಡು, ಕಲೆಗೂಡು ಮನೆಯಲ್ಲೇ ಆರಿಸುವುದು. ದಿನ ತುಂಬದೆ ಬಿಡಿಸದಿರುವುದು. ಅವರ ಕಡೆಯಿಂದ ಒಂದೇ ಮಾತು: ಯಾರ ಗೂಡಿಗೆ ಎಷ್ಟು ರೆಂಡಿಟ್ಟಾ ಬಂತು ಎಂದು ಚೀಟಿಯಲ್ಲಿ ಬರೆದು ಕಳಿಸುವುದು.

ಚಾಕಿ ಕೇಂದ್ರ ಗೊತ್ತಿಲ್ಲದವರಿಗೆ: ಮೊದಲು ಮೊಟ್ಟೆ ತಂದು ಮನೆಯಲ್ಲೇ ಮರಿ ಮಾಡಿಸುತ್ತಿದ್ದೆವು. ಮೊದಲ ಎರಡು ಜ್ವರದವರೆಗೆ ಹುಳು ಕೂಸಿನ ಹಾಗೆ, ಶಾಖ, ತೇವ, ಎಳೆ ಸೊಪ್ಪು ಎಲ್ಲ ಲೆಕ್ಕ. ಈಗ ಅದಕ್ಕೆಂದೇ ರೈತರೇ ನಡೆಸುವ ಕೇಂದ್ರಗಳಿವೆ. ಎರಡನೇ ಜ್ವರ ದಾಟಿದ ಹುಳು ಕೊಡುತ್ತಾರೆ. 'ನೂರು ಮೊಟ್ಟೆ' ಎಂದರೆ ನೂರು ಮರಿ ಎಂದು ತಿಳಿಯಬೇಡಿ. ಒಂದು ಚಿಟ್ಟೆ ಇಟ್ಟದ್ದೆಲ್ಲ ನಮಗೆ ಒಂದು ಮೊಟ್ಟೆ, ಅದರಲ್ಲಿ ನಾನೂರು, ಐನೂರು ಹುಳು. ನೂರು ಮೊಟ್ಟೆಗೆ ಎಲ್ಲ ಸರಿ ಹೋದರೆ ಅರವತ್ತೈದು, ಎಪ್ಪತ್ತು ಕಿಲೋ ಗೂಡು. ಎಲ್ಲರದೂ ಒಂದೇ ದಿನದ ಹುಳುವಾದರೆ ಎಂಟು ಮನೆಯ ಗೂಡು ಒಂದೇ ದಿನ ಮಾರುಕಟ್ಟೆಗೆ ಬರುತ್ತದೆ, ಗುಣವೂ ಹೆಚ್ಚುಕಡಿಮೆ ಒಂದೇ. ರೀಲರಿಗೆ ಬೇಕಾದದ್ದು ಇದೇ. ದಿನಕ್ಕೊಂದು ಬಗೆಯ ಗೂಡು ಬೇಯಿಸಿ ಒಂದೇ ಬಗೆಯ ನೂಲು ತೆಗೆಯುವುದು ಯಾರಿಂದಲೂ ಆಗದು.

ಮೊದಲ ಜಗಳ

ನೀವು ಕೇಳಬಹುದು, ಹಾಗಾದರೆ ಆ ಮೂವರಿಗೇ ಮನೆಯಲ್ಲೇ ಕೊಟ್ಟುಬಿಡಬಹುದಿತ್ತಲ್ಲ ಎಂದು. ಆಗುವುದಿಲ್ಲ. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು, 1959ರ ಕಾಯಿದೆಯಡಿ ಬಂದ ಪದ್ಧತಿ. ಕೆಲವರು ಅದನ್ನು ಬೈಯುತ್ತಾರೆ. ನನಗೆ ಅದರ ಮೇಲೆ ಗೌರವವಿದೆ. ತೂಕ ಸರಿ ಇರುತ್ತದೆ, ಹತ್ತು ಜನ ಕೂಗುತ್ತಾರೆ, ದುಡ್ಡಿಗೆ ಸಾಕ್ಷಿ ಇರುತ್ತದೆ. ಮನೆ ಬಾಗಿಲಿಗೆ ಬಂದು ಕೊಂಡವರಿಂದ ದುಡ್ಡು ವಸೂಲಿ ಮಾಡುವ ಕಷ್ಟ ಟೊಮೇಟೊ ಬೆಳೆದವರಿಗೆ ಗೊತ್ತು.

ಆದ್ದರಿಂದ ಎಂಟೂ ಜನ ಅಕ್ಕಪಕ್ಕದ ಜಾಲರಿಯಲ್ಲಿ ಗೂಡು ಸುರಿದೆವು. ಮೂವರು ರೀಲರುಗಳೂ ಬಂದು ಕೂಗಿದರು. ಮೂರನೇ ಬೆಳೆಯಷ್ಟರಲ್ಲಿ ಬೇರೆ ರೀಲರುಗಳಿಗೂ ವಾಸನೆ ಹತ್ತಿತು. "ಈ ಸಾಲಿನ ಗೂಡು ಚೆನ್ನಾಗಿ ಬಿಚ್ಚುತ್ತದೆ" ಎಂದು. ಅವರು ಹದಿನೈದು ರೂಪಾಯಿ ಮೇಲೆ ಕೂಗಿ ಐದು ಜಾಲರಿ ಎತ್ತಿಕೊಂಡು ಹೋದರು. ನಮ್ಮ ಮೂವರ ಕೈ ಖಾಲಿ. ಅವರಲ್ಲಿ ಚಿಕ್ಕವರು ಸಿಟ್ಟಿನಿಂದ, "ಚೀಟಿ ಬರೆದುಕೊಡೋಕೆ ನಾವು, ಗೂಡು ಅವರಿಗಾ?" ಅಂದರು. ನಮ್ಮವರಲ್ಲೂ ಒಬ್ಬರು, "ಹರಾಜು ಅಂದ ಮೇಲೆ ಹೆಚ್ಚು ಕೂಗಿದವರಿಗೆ, ನಾವೇನು ನಿಮ್ಮ ಮನೆ ಆಳಾ?" ಎಂದುಬಿಟ್ಟರು. ಒಂದೂವರೆ ತಿಂಗಳು ಮಾತಿಲ್ಲ.

ಬಿಡಿಸಿದ್ದು ಭಾಯಿಯೇ. ಹರಾಜು ತಪ್ಪಿಸಲು ಆಗದು, ತಪ್ಪಿಸಲೂಬಾರದು. ಎಂಟು ಜನ ಇಪ್ಪತ್ತಾದರೆ ಎಲ್ಲರಿಗೂ ಸಾಲುವಷ್ಟು ಒಳ್ಳೆಯ ಗೂಡು ಬರುತ್ತದಲ್ಲ ಎಂದರು. ಎಂದರೆ ನಮ್ಮ ಗುಟ್ಟನ್ನು ಊರಿಗೆ ಹಂಚಬೇಕು. ನನಗೆ ಆಗ ಅದು ಇಷ್ಟವಾಗಲಿಲ್ಲ, ನಿಜ ಹೇಳುತ್ತೇನೆ. ಹದಿನೈದು ರೂಪಾಯಿ ಹೆಚ್ಚು ಬರುತ್ತಿದ್ದುದು ನಾವು ಎಂಟೇ ಜನ ಇದ್ದುದರಿಂದ. ಆದರೂ ಕೇಳಿದವರಿಗೆ ಹೇಳಿಕೊಟ್ಟೆವು. ಈಗ ಆ ಪಟ್ಟಿಯಲ್ಲಿ ಮೂವತ್ತು ಚಿಲ್ಲರೆ ಮನೆಗಳಿವೆ. ಚೀಟಿ ಬರೆಯುವ ರೀಲರುಗಳು ಏಳು. ನನ್ನ ಗೂಡಿನ ರೆಂಡಿಟ್ಟಾ ಎಂಟೂವರೆಯಿಂದ ಇಳಿದು ಏಳರ ಕೆಳಗೆ ಬರಲು ಎರಡು ವರ್ಷ ಹಿಡಿಯಿತು.

ಬೆಲೆ ಚೇತರಿಸಿಕೊಂಡದ್ದು ನಮ್ಮ ಚೀಟಿಯಿಂದ ಎಂದು ಹೇಳಿದರೆ ನಗೆಪಾಟಲು. ಸುಂಕ ಏರಿತು, ಚೀನಾದ ನೂಲೂ ದುಬಾರಿಯಾಯಿತು. ಚೀಟಿಯಿಂದ ಆದದ್ದು ಇಷ್ಟೇ: ಬೆಲೆ ಬಿದ್ದ ದಿನವೂ ನಮ್ಮ ಸಾಲಿನ ಮುಂದೆ ಕೂಗುವವರಿರುತ್ತಾರೆ.

ಮತ್ತೆ ಹಚ್ಚಿದ ಬೇಸಿನ್

ನೂಲು ಸಮ ಬರತೊಡಗಿದ ಮೇಲೆ 2014ರಲ್ಲಿ ಭಾಯಿ ಮತ್ತು ಅವರ ತಮ್ಮ ಹಳೆಯ ಬೇಸಿನ್ ತೆಗೆದು ಮಲ್ಟಿ-ಎಂಡ್ ಹಾಕಿದರು. ಒಂದು ಬೇಸಿನ್ನಿನಲ್ಲಿ ಹತ್ತು ನೂಲು ಒಟ್ಟಿಗೆ ಬರುತ್ತದೆ. ಸುತ್ತುವುದು ನಿಧಾನ, ಆದ್ದರಿಂದ ಹರಿಯುವುದು ಕಡಿಮೆ, ನೂಲು ಹಾಸಿಗೆ ಆಗುತ್ತದೆ. ಸರ್ಕಾರದ ಸಹಾಯಧನ ಇತ್ತು. ಅದು ಕೈಗೆ ಬರುವವರೆಗೆ ಬಡ್ಡಿ ಕಟ್ಟಿದ್ದು ಅವರ ಹೆಂಡತಿಯ ಒಡವೆ. ಚಕ್ರ ತಿರುಗಿಸುವ ಹುಡುಗರು ಬೇಡ, ಮೋಟರು ತಿರುಗಿಸುತ್ತದೆ. ಬಿಸಿ ನೀರಿನಲ್ಲಿ ಕೈ ಅದ್ದುವುದು ಪೂರ್ತಿ ತಪ್ಪಿಲ್ಲ. ಬೆರಳ ಸಂದಿ ಬೆಳ್ಳಗೆ ಕೊಳೆತಂತಾಗುವುದು ಈಗಲೂ ಇದೆ.

ಇದಕ್ಕೂ ಮೇಲಿನದು ತಾನಾಗಿ ನಡೆಯುವ ಯಂತ್ರ, ಎ.ಆರ್.ಎಂ. ಎನ್ನುತ್ತಾರೆ. ನಾನೂರು ನೂಲು ಒಟ್ಟಿಗೆ. ಅದಕ್ಕೆ ಬಿಳಿ ಬೈವೋಲ್ಟಿನ್ ಗೂಡೇ ಬೇಕು, ಅದೂ ಒಂದೇ ಸಮನಾಗಿ, ದಿನಾ. ಆ ಯಂತ್ರಗಳು ಮೊದಲು ಬಂದದ್ದು ಚೀನಾದಿಂದಲೇ! ನಮ್ಮ ಏಳು ರೀಲರುಗಳಲ್ಲಿ ಒಬ್ಬರಿಗೂ ಅದು ಎಟುಕುವಂಥದ್ದಲ್ಲ. ನಾಲ್ವರು ಸೇರಿ ಒಂದು ಹಾಕುವ ಮಾತು ಎರಡು ವರ್ಷದಿಂದ ನಡೆಯುತ್ತಿದೆ, ಯಾರ ಜಾಗದಲ್ಲಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ವ್ಯಾನು ಹತ್ತಿ ಹೋಗಿದ್ದ ಒಂಬತ್ತು ಹೆಂಗಸರಲ್ಲಿ ಐವರು ವಾಪಸು ಬಂದರು. ಕೂಲಿ ಗಾರ್ಮೆಂಟ್ಸಿಗಿಂತ ಕಡಿಮೆ, ಪಿ.ಎಫ್. ಇಲ್ಲ. ಆದರೂ ಯಾಕೆ ಬಂದಿರಿ ಎಂದು ಒಬ್ಬರನ್ನು ಕೇಳಿದೆ. "ಮಧ್ಯಾಹ್ನ ಮಗು ಶಾಲೆಯಿಂದ ಬರೋ ಹೊತ್ತಿಗೆ ಮನೇಲಿರ್ತೀನಿ ಅಣ್ಣಾ" ಅಂದರು. ಉಳಿದ ನಾಲ್ವರು ಬರಲಿಲ್ಲ, ಬರುವುದೂ ಇಲ್ಲ. ಅವರ ಲೆಕ್ಕವೂ ಸರಿಯೇ.

ಲೆಕ್ಕ ತಿರುಗಿದ ವರ್ಷ

2020ರ ಲಾಕ್‌ಡೌನಿನಲ್ಲಿ ಸೀರೆ ಅಂಗಡಿ ಮುಚ್ಚಿ, ನೂಲು ಕೇಳುವವರಿಲ್ಲದೆ ಗೂಡಿನ ಬೆಲೆ ಮತ್ತೆ ಕುಸಿಯಿತು. ಹಲವರು ತೋಟ ಕಿತ್ತು ಹೂವು, ತರಕಾರಿ ಹಾಕಿದರು. ಕಿತ್ತವರು ಹೆಚ್ಚಾದ್ದರಿಂದಲೋ ಏನೋ 2021ರ ಕೊನೆಗೆ ಬೆಲೆ ಏರತೊಡಗಿ 2022ರ ಆರಂಭದಲ್ಲಿ ಒಳ್ಳೆಯ ಬೈವೋಲ್ಟಿನ್ ಗೂಡು ಕಿಲೋಗೆ ಸಾವಿರ ದಾಟಿತು. ನಮಗೆ ಹಬ್ಬ. ನೂಲಿನ ಬೆಲೆ ಮಾತ್ರ ಅಷ್ಟೇ ವೇಗದಲ್ಲಿ ಏರಲಿಲ್ಲ. ಸಣ್ಣ ರೀಲರಿಗೆ ಒಂದು ದಿನದ ಗೂಡು ಕೊಳ್ಳಲು ಬೇಕಾದ ಬಂಡವಾಳ ಎರಡೂವರೆ ಪಟ್ಟು. ಏಳರಲ್ಲಿ ಇಬ್ಬರು ತಿಂಗಳುಗಟ್ಟಲೆ ಒಲೆ ಹಚ್ಚಲಿಲ್ಲ.

ಊರಲ್ಲಿ ಕೆಲವರು, "ಆಗಬೇಕು ಅವರಿಗೆ, 2011ರಲ್ಲಿ ನಮಗೆ ಏನು ಮಾಡಿದ್ರು?" ಅಂದರು. ನನಗೆ ಹಾಗನ್ನಿಸಲಿಲ್ಲ. 2011ರಲ್ಲಿ ನಾಲ್ಕು ಬೇಸಿನ್ ಆರಿದ್ದನ್ನು ಕಣ್ಣಾರೆ ಕಂಡಿದ್ದೆನಲ್ಲ, ಕೂಗುವವರು ಕಡಿಮೆಯಾದರೆ ನನ್ನ ಗೂಡಿಗೆ ಏನಾಗುತ್ತದೆಂದು ಗೊತ್ತಿತ್ತು. ಆ ತಿಂಗಳುಗಳಲ್ಲಿ ನಾವು ಮಾಡಿದ್ದು ಒಂದೇ ಕೆಲಸ. ಎಲ್ಲರೂ ಒಂದೇ ದಿನ ಗೂಡು ತರುವ ಬದಲು ಮೂರು ತಂಡವಾಗಿ ನಾಲ್ಕು ನಾಲ್ಕು ದಿನ ಬಿಟ್ಟು ತಂದೆವು. ಸಣ್ಣ ಸಣ್ಣ ಜಾಲರಿ. ಕಡಿಮೆ ದುಡ್ಡಿನವರೂ ಒಂದು ಜಾಲರಿ ಎತ್ತಬಹುದು. ಹರಾಜಿಗೆ ಮೊಬೈಲು ಬಂದ ಮೇಲಂತೂ ಯಾರು ಎಷ್ಟು ಕೂಗಿದರೆಂಬ ಗುಲ್ಲು ಕಡಿಮೆ. ಇಬ್ಬರಲ್ಲಿ ಒಬ್ಬರು ಮತ್ತೆ ಶುರು ಮಾಡಿದರು. ಇನ್ನೊಬ್ಬರು ಮಾಡಲಿಲ್ಲ. ಅವರ ಶೀಟಿನ ಮಾಡಿನಡಿ ಈಗ ಬೈಕ್ ರಿಪೇರಿ.

ನೀರು

ಇಷ್ಟೆಲ್ಲ ಬರೆದು ನೀರಿನ ಮಾತು ಬಿಟ್ಟರೆ ನಮ್ಮ ಸೀಮೆಯವರು ನಗುತ್ತಾರೆ. ನನ್ನ ಮೂರನೇ ಕೊಳವೆಬಾವಿ 1,250 ಅಡಿ. ಅದೂ ಬೇಸಿಗೆಯಲ್ಲಿ ಒಂದೂವರೆ ಇಂಚು. ಒಂದು ಎಕರೆ ವಿ-1 ತಳಿಗೆ ಡ್ರಿಪ್ ಹಾಕಿದ್ದೇನೆ. ಉಳಿದ ಅರ್ಧ ಎಕರೆಯಲ್ಲಿ ಮರಗಡ್ಡಿ. ಹಿಪ್ಪುನೇರಳೆಯನ್ನು ಪೊದೆಯಾಗಿ ಒತ್ತಾಗಿ ನೆಡುವ ಬದಲು ಎಂಟು, ಹತ್ತು ಅಡಿಗೊಂದು ನೆಟ್ಟು ಮರ ಮಾಡುವುದು. ಎರಡು, ಮೂರು ವರ್ಷ ಕಾಯಬೇಕು. ಆಮೇಲೆ ಬೇರು ಕೆಳಗಿಳಿದು ಕಡಿಮೆ ನೀರಿಗೆ ಸೊಪ್ಪು ಕೊಡುತ್ತದೆ, ನಡುವೆ ರಾಗಿಯನ್ನೋ ಅವರೆಯನ್ನೋ ಹಾಕಬಹುದು. ಹೊಸದಾಗಿ ನೆಡುವವರಿಗೆ ನಾನು ಹೇಳುವುದು ಇದನ್ನೇ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬುವ ಯೋಜನೆಯ ಬಗ್ಗೆ ವಾದವಿದೆ. ಇನ್ನೂ ಒಂದು ಹಂತ ಶುದ್ಧ ಮಾಡಿಯೇ ಬಿಡಬೇಕು ಎನ್ನುವವರ ಪರ ನಾನು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಕಳೆದ ಬೆಳೆಯ ಚೀಟಿ ಬಂದಿದೆ. ನನ್ನದು 6.8. ಪಕ್ಕದ ಹೊಲದ ನಮ್ಮ ಚಿಕ್ಕಪ್ಪನ ಮಗನದು 7.5. ಅದೇ ಚಾಕಿ, ಅದೇ ತಳಿ, ಅದೇ ದಿನ ಬಿಡಿಸಿದ್ದು. ಅವನಿಗೆ ರಾತ್ರಿ ನಿದ್ದೆ ಬಂದಿಲ್ಲ. ಬೆಳಿಗ್ಗೆಯೇ ಬಂದು ನನ್ನ ಚಂದ್ರಂಕಿ ಎಣಿಸಿಕೊಂಡು ಹೋದ. ಅವನದರಲ್ಲಿ ಹುಳು ದಟ್ಟವಾಗಿತ್ತೆಂದು ನನ್ನ ಅನುಮಾನ, ಅವನು ಒಪ್ಪುತ್ತಿಲ್ಲ. ಮುಂದಿನ ಚಾಕಿಗೆ ಹೊಸದಾಗಿ ಇಬ್ಬರು ಸೇರುತ್ತೇವೆಂದಿದ್ದಾರೆ. ಒಬ್ಬರ ಹುಳು ಮನೆಗೆ ಊಜಿ ನೊಣ ಬಾರದಂತೆ ಕಿಟಕಿಗೆ ಬಲೆ ಹೊಡೆದಿಲ್ಲ. ಹೊಡೆದ ಮೇಲೆ ಹೆಸರು ಬರೆದುಕೊಳ್ಳುತ್ತೇವೆ.